ಗೆಟಿಸ್‌ಬರ್ಗ್‌ನಲ್ಲಿ ಸತ್ತವರೆಷ್ಟು? ಅಮೆರಿಕದ ಅಂತರ್ಯುದ್ಧದ ಮುಗಿಯದ ಲೆಕ್ಕ

ಅಮೆರಿಕದ ಅಂತರ್ಯುದ್ಧದ ಬಗ್ಗೆ ಎಲ್ಲಿ ಓದಿದರೂ ಒಂದು ಸಂಖ್ಯೆ ಎದುರಾಗುತ್ತದೆ: 51,000. 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಎಂಬ ಸಣ್ಣ ಊರಿನ ಸುತ್ತ ನಡೆದ ಕಾಳಗದ ನಷ್ಟ ಅದು. ಅನೇಕರು ಇದನ್ನು ಸತ್ತವರ ಸಂಖ್ಯೆ ಎಂದೇ ತಿಳಿಯುತ್ತಾರೆ. ಆದರೆ ಆ ಮೂರು ದಿನಗಳಲ್ಲಿ ರಣರಂಗದಲ್ಲೇ ಪ್ರಾಣ ಬಿಟ್ಟವರು ಎರಡೂ ಕಡೆ ಸೇರಿ ಏಳರಿಂದ ಎಂಟು ಸಾವಿರ. ಹಾಗಾದರೆ ಉಳಿದ 43,000 ಜನ ಯಾರು?

ಉತ್ತರದ ಒಕ್ಕೂಟ ಸೇನೆಯ ಪಟ್ಟಿಯನ್ನೇ ಬಿಡಿಸಿ ನೋಡೋಣ. ಅದರ ಒಟ್ಟು ನಷ್ಟ ಸುಮಾರು 23,000. ಅದರಲ್ಲಿ ಸತ್ತವರು 3,155, ಗಾಯಗೊಂಡವರು 14,500ಕ್ಕೂ ಹೆಚ್ಚು, ಸೆರೆಯಾದವರು ಮತ್ತು ಕಾಣೆಯಾದವರು 5,300ಕ್ಕೂ ಹೆಚ್ಚು. ದಕ್ಷಿಣದ ಕಾನ್ಫೆಡರೇಟ್ ಸೇನೆಯ ನಷ್ಟ 23,000 ಎನ್ನುವವರಿದ್ದಾರೆ, 28,000 ಎನ್ನುವವರೂ ಇದ್ದಾರೆ. ಅವರ ದಾಖಲೆಗಳು ಅಷ್ಟು ಅಪೂರ್ಣ.

ಈ ಮೂರೂ ಬಗೆಯವರನ್ನು ಒಂದೇ ಮೊತ್ತದಲ್ಲಿ ಕೂಡಿಸುವುದಕ್ಕೆ ಕಾರಣವಿದೆ. ದಂಡನಾಯಕನಿಗೆ ಬೇಕಿದ್ದದ್ದು ಒಂದೇ ಮಾಹಿತಿ: ನಾಳೆ ಬೆಳಿಗ್ಗೆ ಹಾಜರಿ ಕರೆದಾಗ ಎಷ್ಟು ಜನ ಬಂದೂಕು ಹಿಡಿದು ನಿಲ್ಲುತ್ತಾರೆ? ಆ ಪ್ರಶ್ನೆಯ ಮುಂದೆ ಸತ್ತವನೂ ಒಂದೇ, ಕಾಲು ಕಳೆದುಕೊಂಡವನೂ ಒಂದೇ, ಶತ್ರುವಿನ ಕೈಗೆ ಸಿಕ್ಕವನೂ ಒಂದೇ, ಕತ್ತಲಲ್ಲಿ ದಾರಿ ತಪ್ಪಿ ಮೂರು ದಿನ ಬಿಟ್ಟು ಮರಳುವವನೂ ಒಂದೇ. ಇದು ಸೇನೆಯ ಹಾಜರಿ ಪುಸ್ತಕ. ಊರಿನಲ್ಲಿ ಮಗನ ದಾರಿ ಕಾಯುತ್ತಿದ್ದ ತಾಯಿಗೆ ಈ ಪುಸ್ತಕದಿಂದ ತಿಳಿಯುತ್ತಿದ್ದದ್ದು ಏನೂ ಇಲ್ಲ. ಆ ಯುದ್ಧದ ನಿಜವಾದ ಬೆಲೆ ಇರುವುದು ಸೇನೆಯ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ನಡುವಿನ ಕಂದಕದಲ್ಲಿ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1860ರ ಚುನಾವಣೆಯಲ್ಲಿ ಅಬ್ರಹಾಂ ಲಿಂಕನ್ ಗೆದ್ದ ಮೇಲೆ ದಕ್ಷಿಣದ 11 ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತೊರೆದು ಬೇರೆ ಸರ್ಕಾರ ಕಟ್ಟಿಕೊಂಡವು. ಇದು ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಯಾವ ಹಕ್ಕು ಎಂದು ಕೇಳಿದರೆ ಮಾತ್ರ ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಳ್ಳುವ ಹಕ್ಕಿಗೇ ಬಂದು ನಿಲ್ಲಬೇಕಾಗುತ್ತದೆ. ಆಗ ದೇಶದ ಜನಸಂಖ್ಯೆ 3 ಕೋಟಿ 14 ಲಕ್ಷ. ಅವರಲ್ಲಿ ಸುಮಾರು 40 ಲಕ್ಷ ಜನ ಗುಲಾಮರು.

ಯುದ್ಧ ಶುರುವಾದ ರೀತಿ ನೋಡಿದರೆ ಮುಂದೆ ಇಷ್ಟೆಲ್ಲ ಆದೀತು ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. 1861ರ ಏಪ್ರಿಲ್‌ನಲ್ಲಿ ಒಕ್ಕೂಟದ ಸೈನಿಕರಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಒಂದೂವರೆ ದಿನದಷ್ಟು ಹೊತ್ತು ಫಿರಂಗಿ ಗುಂಡುಗಳು ಸುರಿದರೂ ಅವುಗಳಿಗೆ ಒಬ್ಬನೂ ಬಲಿಯಾಗಲಿಲ್ಲ. ಕೋಟೆಯನ್ನು ಒಪ್ಪಿಸಿ ಹೊರಡುವಾಗ ಧ್ವಜಕ್ಕೆ ಗೌರವ ಸಲ್ಲಿಸಲು ಹಾರಿಸಿದ ತೋಪು ಸಿಡಿದು ಸೈನಿಕನೊಬ್ಬ ಸತ್ತ. ಅದೇ ಜುಲೈನಲ್ಲಿ ಬುಲ್ ರನ್ ಎಂಬಲ್ಲಿ ಮೊದಲ ದೊಡ್ಡ ಕಾಳಗ ನಡೆದಾಗ ವಾಷಿಂಗ್ಟನ್ನಿನ ಗಣ್ಯರು ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ನೋಡಲು ಹೋಗಿದ್ದರು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ, 1862ರ ಏಪ್ರಿಲ್‌ನಲ್ಲಿ, ಟೆನೆಸಿಯ ಶೈಲೋದಲ್ಲಿ ಎರಡು ದಿನಗಳ ಕಾಳಗ ಸುಮಾರು 23,700 ಜನರನ್ನು ನುಂಗಿತು. ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆ್ಯಂಟಿಟಮ್ ಹಳ್ಳದ ಬಳಿ ಒಂದೇ ಹಗಲಿನಲ್ಲಿ ಸುಮಾರು 23,000. ಅಮೆರಿಕದ ಇತಿಹಾಸದಲ್ಲಿ ಅಷ್ಟು ರಕ್ತ ಹರಿದ ಇನ್ನೊಂದು ದಿನವಿಲ್ಲ. ಇವೂ ಹಾಜರಿ ಪುಸ್ತಕದ ಸಂಖ್ಯೆಗಳೇ ಎಂಬುದು ನೆನಪಿರಲಿ.

ಗುಂಡು, ಗರಗಸ, ಕೀವು

ಗಾಯಗೊಂಡವರ ಸಾಲಿಗೆ ಸೇರಿದವನ ಕಥೆ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಇಡೀ ಯುದ್ಧದಲ್ಲಿ ಒಕ್ಕೂಟ ಸೇನೆಯ ಸುಮಾರು 67,000 ಜನ ರಣರಂಗದಲ್ಲಿ ಸತ್ತರೆ, ಇನ್ನೂ ಸುಮಾರು 43,000 ಜನ ಗಾಯದಿಂದ ನರಳಿ ಆಮೇಲೆ ಸತ್ತರು. ಕಾಳಗದ ಸಂಜೆ ಮೂರು ಹೆಣಗಳನ್ನು ಎಣಿಸಿದರೆ, ಇನ್ನೆರಡು ಸಾವು ಮುಂದಿನ ದಿನಗಳಲ್ಲೋ ವಾರಗಳಲ್ಲೋ ಕಾದಿವೆ ಎಂದೇ ಅರ್ಥ.

ಅದಕ್ಕೆ ಮೊದಲ ಕಾರಣ ಗುಂಡು. ಫ್ರಾನ್ಸಿನ ಸೇನಾಧಿಕಾರಿ ಕ್ಲೋಡ್ ಎಟಿಯೆನ್ ಮಿನಿಯೆ 1840ರ ದಶಕದ ಕೊನೆಯಲ್ಲಿ ರೂಪಿಸಿದ ಗುಂಡು ಮೆತ್ತನೆಯ ಸೀಸದ್ದು, ಬುಡದಲ್ಲಿ ಟೊಳ್ಳು. ಮದ್ದು ಸಿಡಿದಾಗ ಆ ಬುಡ ಹಿಗ್ಗಿ ಕೊಳವೆಯೊಳಗಿನ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತಿತ್ತು, ಗುಂಡು ತಿರುಗುತ್ತಾ ನೇರವಾಗಿ ಹೋಗುತ್ತಿತ್ತು. ಹಳೆಯ ನುಣುಪು ಕೊಳವೆಯ ಬಂದೂಕು ನೂರು ಗಜದಾಚೆ ಗುರಿ ತಪ್ಪುತ್ತಿದ್ದರೆ, ಇದು ಮುನ್ನೂರು ಗಜದಲ್ಲೂ ಆಳನ್ನು ಬೀಳಿಸಬಲ್ಲದಾಗಿತ್ತು. ಈ ದೂರದಿಂದಾಗಿಯೇ ಸಾವು ಹೆಚ್ಚಿತು ಎಂಬುದು ಬಹುಕಾಲದ ನಂಬಿಕೆ. ವಾಸ್ತವದಲ್ಲಿ ಬಹುತೇಕ ಗುಂಡಿನ ಚಕಮಕಿ ಹತ್ತಿರದಿಂದಲೇ ನಡೆಯುತ್ತಿತ್ತು ಎಂದು ಈಚಿನ ಇತಿಹಾಸಕಾರರು ತಕರಾರು ತೆಗೆದಿದ್ದಾರೆ. ಗಾಯದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಮೆತ್ತನೆಯ ಸೀಸ ಮೂಳೆಗೆ ತಾಗಿದೊಡನೆ ಚಪ್ಪಟೆಯಾಗಿ ಹರಡಿ ಮೂಳೆಯನ್ನು ಚೂರುಚೂರು ಮಾಡುತ್ತಿತ್ತು. ಹೋಗುವಾಗ ಸಮವಸ್ತ್ರದ ಕೊಳಕು ಬಟ್ಟೆಯ ತುಣುಕುಗಳನ್ನೂ ಮಾಂಸದೊಳಗೆ ಎಳೆದುಕೊಂಡು ಹೋಗುತ್ತಿತ್ತು.

ಅಂಥ ಕೈಕಾಲನ್ನು ಜೋಡಿಸುವ ವಿದ್ಯೆ ಆಗ ಇರಲಿಲ್ಲ. ಕತ್ತರಿಸಬೇಕಿತ್ತು, ಅದೂ ಒಂದೆರಡು ದಿನಗಳೊಳಗೆ. ತಡವಾದಷ್ಟೂ ಬದುಕುವ ಅವಕಾಶ ಕುಗ್ಗುತ್ತಿತ್ತು. ಸೇನೆಯ ವೈದ್ಯರನ್ನು ಕಟುಕರು ಎಂದು ಆಗಲೇ ಬೈಯುತ್ತಿದ್ದರು, ಈಗಲೂ ಸಿನಿಮಾಗಳು ಹಾಗೆಯೇ ತೋರಿಸುತ್ತವೆ. ಇದು ಅನ್ಯಾಯ. ಒಕ್ಕೂಟ ಸೇನೆಯ ದಾಖಲೆಯಲ್ಲಿರುವ ಸುಮಾರು 30,000 ಅಂಗಚ್ಛೇದನಗಳಲ್ಲಿ ನಾಲ್ಕರಲ್ಲಿ ಮೂವರು ಬದುಕಿ ಉಳಿದರು. ಹಲ್ಲಿನ ನಡುವೆ ಗುಂಡು ಕಚ್ಚಿಕೊಂಡು ನೋವು ತಡೆಯುತ್ತಿದ್ದರು ಎಂಬುದೂ ಬಹುಮಟ್ಟಿಗೆ ಕಟ್ಟುಕಥೆ. ಹೆಚ್ಚಿನ ಶಸ್ತ್ರಚಿಕಿತ್ಸೆಗಳಿಗೆ ಕ್ಲೋರೋಫಾರ್ಮ್ ಅಥವಾ ಈಥರ್ ಕೊಡುತ್ತಿದ್ದರು.

ವೈದ್ಯರಿಗೆ ಗೊತ್ತಿಲ್ಲದೇ ಇದ್ದದ್ದು ಬೇರೆ. ರೋಗಾಣುಗಳ ಅರಿವು ಇನ್ನೂ ಚಿಕಿತ್ಸೆಯ ಮೇಜಿನವರೆಗೆ ಬಂದಿರಲಿಲ್ಲ. ಗಾಯವನ್ನು ಸೋಂಕಿನಿಂದ ಕಾಯುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ, ಯುದ್ಧ ಮುಗಿದ ಎರಡು ವರ್ಷಕ್ಕೆ. ಹಾಗಾಗಿ ಒಬ್ಬನ ಕಾಲು ಕೊಯ್ದ ಗರಗಸವನ್ನು ಮುಂಗವಚಕ್ಕೆ ಒರೆಸಿ ಮುಂದಿನವನ ತೋಳಿಗೆ ಹಿಡಿಯುತ್ತಿದ್ದರು. ಗಾಯದಲ್ಲಿ ಕೀವು ಕಟ್ಟಿದರೆ ಮಾಯುವ ಲಕ್ಷಣ ಎಂದು ಸಮಾಧಾನಪಡುತ್ತಿದ್ದರು. ಹೊಟ್ಟೆಗೆ ಗುಂಡು ಹೊಕ್ಕವನನ್ನು ಮರದ ನೆರಳಿನಲ್ಲಿ ಮಲಗಿಸಿ, ಅಫೀಮು ಕೊಟ್ಟು, ಬದುಕಬಹುದಾದವನ ಕಡೆಗೆ ಹೋಗುತ್ತಿದ್ದರು.

ಗಾಯಾಳುವನ್ನು ಮೈದಾನದಿಂದ ಎತ್ತಿ ತರುವುದೇ ಮೊದಲು ದೊಡ್ಡ ಸಮಸ್ಯೆಯಾಗಿತ್ತು. 1862ರ ಆಗಸ್ಟ್ ಕೊನೆಯಲ್ಲಿ ಬುಲ್ ರನ್‌ನಲ್ಲೇ ನಡೆದ ಎರಡನೆಯ ಕಾಳಗದ ನಂತರ ಕೆಲವು ಗಾಯಾಳುಗಳು ವಾರದವರೆಗೆ ಬಿದ್ದಲ್ಲೇ ಬಿದ್ದಿದ್ದರು. ಜೊನಾಥನ್ ಲೆಟರ್‌ಮನ್ ಎಂಬ ವೈದ್ಯಾಧಿಕಾರಿ ಆಂಬುಲೆನ್ಸ್ ಗಾಡಿಗಳಿಗೆ ಪ್ರತ್ಯೇಕ ಪಡೆ, ಪ್ರಥಮ ಚಿಕಿತ್ಸೆಯ ಠಾಣೆ, ಹಿಂದೆ ದೊಡ್ಡ ಡೇರೆಯ ಆಸ್ಪತ್ರೆ ಎಂಬ ಸರಪಳಿ ಕಟ್ಟಿದ ಮೇಲೆ ಪರಿಸ್ಥಿತಿ ಬದಲಾಯಿತು. ಆ್ಯಂಟಿಟಮ್‌ನಲ್ಲಿ ಒಂದು ದಿನದೊಳಗೆ ಬಹುತೇಕ ಗಾಯಾಳುಗಳನ್ನು ಹೊರತಂದರು.

ಜೆ.ಇ. ಹ್ಯಾಂಗರ್ ಎಂಬ 18 ವರ್ಷದ ಹುಡುಗನ ಹೆಸರು ಇಲ್ಲಿ ಬರಲೇಬೇಕು. 1861ರ ಜೂನ್ 3ರಂದು, ಅಂದರೆ ಯುದ್ಧದ ಮೊದಲ ವಾರಗಳಲ್ಲೇ, ಫಿರಂಗಿ ಗುಂಡಿಗೆ ಕಾಲು ಕಳೆದುಕೊಂಡ ಆತ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತ. ಪೀಪಾಯಿಯ ಪಟ್ಟಿಗಳಿಂದ, ಮಂಡಿಯಲ್ಲಿ ಮಡಚುವ ಕೃತಕ ಕಾಲೊಂದನ್ನು ತಾನೇ ಕೆತ್ತಿಕೊಂಡ. ಮುಂದೆ ಅದೇ ಅವನ ಉದ್ಯಮವಾಯಿತು. ಅವನ ಹೆಸರಿನ ಕಂಪನಿ ಇಂದಿಗೂ ಕೃತಕ ಅಂಗಗಳನ್ನು ತಯಾರಿಸುತ್ತಿದೆ. ಗಿರಾಕಿಗಳಿಗೆ ಬರವಿರಲಿಲ್ಲ.

ಕಾಳಗಕ್ಕಿಂತ ಶಿಬಿರವೇ ಕ್ರೂರ

ಗುಂಡಿನ ಬಗ್ಗೆ ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಮಾತೆಂದರೆ, ಈ ಯುದ್ಧದ ದೊಡ್ಡ ಕೊಲೆಗಾರ ಗುಂಡಲ್ಲ. ಹಳೆಯ ಅಧಿಕೃತ ಲೆಕ್ಕದಂತೆ ಒಕ್ಕೂಟ ಸೇನೆಯಲ್ಲಿ ಸತ್ತವರು 3,60,222. ಅದರಲ್ಲಿ ಕಾಳಗದಿಂದ ಸತ್ತವರು 1,10,000ದಷ್ಟು, ರೋಗದಿಂದ ಸತ್ತವರು ಸುಮಾರು 2,24,000. ಭೇದಿ, ಆಮಶಂಕೆ, ವಿಷಮಶೀತ ಜ್ವರ, ಮಲೇರಿಯಾ, ನ್ಯುಮೋನಿಯಾ. ಭೇದಿ ಮತ್ತು ಆಮಶಂಕೆಯ ಪ್ರಕರಣಗಳೇ ಒಕ್ಕೂಟ ಸೇನೆಯ ದಾಖಲೆಯಲ್ಲಿ 16 ಲಕ್ಷವನ್ನು ಮೀರಿವೆ, ಸಾವು 44,000ಕ್ಕೂ ಹೆಚ್ಚು. ಸಾವಿರಾರು ಜನ ತಿಂಗಳುಗಟ್ಟಲೆ ಬೀಡುಬಿಟ್ಟ ಜಾಗದಲ್ಲಿ ಪಾಯಖಾನೆಯ ಗುಂಡಿ ಮೇಲಿನ ಇಳಿಜಾರಿನಲ್ಲಿ, ಕುಡಿಯುವ ನೀರಿನ ಹಳ್ಳ ಕೆಳಗೆ ಇದ್ದರೆ ಇನ್ನೇನಾದೀತು?

ದಡಾರದ ಕಥೆಯೂ ಇಲ್ಲಿದೆ. ಒಂಟಿ ಹೊಲಮನೆಗಳಲ್ಲಿ ಬೆಳೆದ ಹಳ್ಳಿ ಹುಡುಗರಿಗೆ ಬಾಲ್ಯದಲ್ಲಿ ಅದು ಬಂದಿರಲಿಲ್ಲ. ಸೇನೆಗೆ ಸೇರಿದ ಮೊದಲ ತಿಂಗಳುಗಳಲ್ಲಿ ದಳಕ್ಕೆ ದಳವೇ ಮಲಗಿತು. ಒಂದೂ ಗುಂಡು ಹಾರಿಸದೆ, ಶತ್ರುವಿನ ಮುಖ ನೋಡದೆ ಸತ್ತವರು ಸಾವಿರಾರು. ಅವರ ಹೆಸರು ಯಾವ ಕಾಳಗದ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ಕಾಳಗಗಳ ನಷ್ಟವನ್ನು ಒಂದರ ಕೆಳಗೊಂದು ಬರೆದು ಕೂಡಿಸಿದರೆ ಯುದ್ಧದ ಸಾವು ಸಿಗುವುದಿಲ್ಲ.

ದಳ ಎಂದೆನಲ್ಲ, ಅದರ ರಚನೆಯಲ್ಲೇ ಒಂದು ಅಪಾಯವಿತ್ತು. ದಳದೊಳಗಿನ ತುಕಡಿಯಾದ ಒಂದು ಕಂಪನಿ ಎಂದರೆ ಒಂದೇ ಊರಿನ, ಒಂದೇ ತಾಲ್ಲೂಕಿನಷ್ಟು ಜಾಗದ ಹುಡುಗರು: ಅಣ್ಣತಮ್ಮಂದಿರು, ಭಾವ ಮೈದುನರು, ಒಂದೇ ಶಾಲೆಯವರು. ನಾರ್ತ್ ಕ್ಯಾರೊಲಿನಾದ 26ನೇ ದಳ ಗೆಟಿಸ್‌ಬರ್ಗ್‌ಗೆ 800ಕ್ಕೂ ಹೆಚ್ಚು ಜನರೊಂದಿಗೆ ಬಂದು ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಕಳೆದುಕೊಂಡಿತು. ಅದರಲ್ಲಿ ಕಾಲ್ಡ್‌ವೆಲ್ ಕೌಂಟಿಯ ಒಂದು ಕಂಪನಿಯಿತ್ತು. ಅದರ 91 ಜನರಲ್ಲಿ ಒಬ್ಬನೂ ಗಾಯವಿಲ್ಲದೆ ಉಳಿಯಲಿಲ್ಲ ಎನ್ನುತ್ತದೆ ದಾಖಲೆ. ಒಂದೇ ವಾರದ ಅಂಚೆಯಲ್ಲಿ ಅಷ್ಟು ಮನೆಗಳಿಗೆ ಒಟ್ಟಿಗೇ ಸುದ್ದಿ ಬಂದರೆ ಆ ಊರಿನ ಗತಿ ಏನು, ಯೋಚಿಸಿ.

ಹೆಣಕ್ಕೆ ಹೆಸರು

ಅಂಚೆಯಲ್ಲಿ ಬಂತು ಎಂದೆ. ಬರಲೇಬೇಕೆಂಬ ನಿಯಮವೇನೂ ಇರಲಿಲ್ಲ. ಮಗನೋ ಗಂಡನೋ ಸತ್ತರೆ ಮನೆಗೆ ತಿಳಿಸುವ ಹೊಣೆ ಎರಡೂ ಸೇನೆಗಳಲ್ಲಿ ಯಾರದ್ದೂ ಆಗಿರಲಿಲ್ಲ. ಕಂಪನಿಯ ನಾಯಕನೋ ಪಕ್ಕದಲ್ಲಿ ನಿಂತಿದ್ದ ಗೆಳೆಯನೋ ಕರುಣೆಯಿಂದ ಒಂದು ಕಾಗದ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಪತ್ರಿಕೆಗಳು ಪಟ್ಟಿ ಅಚ್ಚು ಹಾಕುತ್ತಿದ್ದವು, ಹೆಸರು ತಪ್ಪಾಗುತ್ತಿದ್ದವು, ಸತ್ತನೆಂದು ಶೋಕ ಆಚರಿಸಿದವನು ಬದುಕಿ ಬಂದದ್ದೂ ಇದೆ. ಸೈನಿಕರಿಗೆ ಗುರುತಿನ ಬಿಲ್ಲೆ ಕೊಡುವ ಪದ್ಧತಿ ಇರಲಿಲ್ಲ. 1864ರ ಜೂನ್‌ನಲ್ಲಿ ವರ್ಜೀನಿಯಾದ ಕೋಲ್ಡ್ ಹಾರ್ಬರ್‌ನಲ್ಲಿ ಒಕ್ಕೂಟದ ಸೈನಿಕರು ಮರುದಿನದ ದಾಳಿಗೆ ಮುನ್ನ ಹೆಸರು, ವಿಳಾಸ ಬರೆದ ಚೀಟಿಗಳನ್ನು ಕೋಟಿನ ಬೆನ್ನಿಗೆ ಹೊಲಿದುಕೊಳ್ಳುತ್ತಿದ್ದುದನ್ನು ಕಂಡೆ ಎಂದು ಒಕ್ಕೂಟದ ಜನರಲ್ ಗ್ರಾಂಟ್‌ನ ಸಹಾಯಕ ಹೋರೇಸ್ ಪೋರ್ಟರ್ ಬರೆದಿದ್ದಾನೆ. ದಾಳಿ ಜೂನ್ 3ರಂದು ನಡೆಯಿತು, ವಿಫಲವಾಯಿತು. ಎರಡು ಸಾಲುಗಳ ನಡುವೆ ಬಿದ್ದ ಗಾಯಾಳುಗಳನ್ನು ಎತ್ತಲು ಯಾವ ಮರ್ಯಾದೆಯಲ್ಲಿ ಕದನವಿರಾಮ ಕೇಳಬೇಕು ಎಂದು ಗ್ರಾಂಟ್ ಮತ್ತು ದಕ್ಷಿಣದ ಸೇನಾನಿ ಲೀ ಪತ್ರ ಬರೆದುಕೊಳ್ಳುತ್ತಾ ಕುಳಿತರು. ಒಪ್ಪಂದವಾದದ್ದು ಜೂನ್ 7ರಂದು. ಅಷ್ಟರಲ್ಲಿ ಬದುಕಿ ಉಳಿದಿದ್ದವರು ಬೆರಳೆಣಿಕೆಯ ಜನ.

ಗೆಟಿಸ್‌ಬರ್ಗ್‌ಗೆ ಮರಳೋಣ. ಕಾಳಗ ಮುಗಿದ ಮೇಲೆ ಊರಿನ ಬೀದಿಯೊಂದರ ಬಳಿ ಒಬ್ಬ ಸೈನಿಕನ ಹೆಣ ಸಿಕ್ಕಿತು. ಹೆಸರಿಲ್ಲ, ದಳದ ಗುರುತಿಲ್ಲ. ಕೈಯಲ್ಲಿ ಗಾಜಿನ ಮೇಲೆ ತೆಗೆದ ಒಂದು ಛಾಯಾಚಿತ್ರ, ಅದರಲ್ಲಿ ಮೂರು ಮಕ್ಕಳು. ಸಾಯುವಾಗ ಅವನು ನೋಡುತ್ತಿದ್ದದ್ದು ಅದನ್ನೇ ಇರಬೇಕು. ಆ ಚಿತ್ರ ಕೈಯಿಂದ ಕೈಗೆ ದಾಟಿ, ಗಾಯಾಳುಗಳ ಸೇವೆಗೆ ಬಂದಿದ್ದ ಫಿಲಡೆಲ್ಫಿಯಾದ ವೈದ್ಯ ಜಾನ್ ಫ್ರಾನ್ಸಿಸ್ ಬೋರ್ನ್ಸ್‌ನನ್ನು ತಲುಪಿತು. ಆಗಿನ ಪತ್ರಿಕೆಗಳಿಗೆ ಛಾಯಾಚಿತ್ರ ಅಚ್ಚು ಹಾಕುವ ತಂತ್ರ ಇರಲಿಲ್ಲ. ಹಾಗಾಗಿ ಆ ಅಕ್ಟೋಬರ್‌ನಲ್ಲಿ ‘ಫಿಲಡೆಲ್ಫಿಯಾ ಇನ್‌ಕ್ವೈರರ್’ ಚಿತ್ರವನ್ನು ಮಾತಿನಲ್ಲಿ ಬಿಡಿಸಿತು: ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು, ಅವರ ಅಂದಾಜು ವಯಸ್ಸು, ದೊಡ್ಡ ಹುಡುಗನ ಅಂಗಿ ಮತ್ತು ಹುಡುಗಿಯ ಲಂಗ ಒಂದೇ ಬಟ್ಟೆಯವು. ಬೇರೆ ಪತ್ರಿಕೆಗಳೂ ಅದನ್ನು ಮರುಮುದ್ರಿಸಿದವು. ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಊರಿನಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಅದನ್ನು ನವೆಂಬರ್‌ನಲ್ಲಿ ಓದಿದಳು. ಗೆಟಿಸ್‌ಬರ್ಗ್ ನಂತರ ಗಂಡನಿಂದ ಅವಳಿಗೆ ಕಾಗದ ಬಂದಿರಲಿಲ್ಲ. ಅಂಥದೇ ಚಿತ್ರವನ್ನು ಅವನಿಗೆ ಕಳಿಸಿದ್ದಳು. ಚಿತ್ರದ ಪ್ರತಿ ಅಂಚೆಯಲ್ಲಿ ಬಂದಾಗ ಅನುಮಾನ ಉಳಿಯಲಿಲ್ಲ. ಸತ್ತವನು 154ನೇ ನ್ಯೂಯಾರ್ಕ್ ದಳದ ಸಾರ್ಜೆಂಟ್ ಏಮಸ್ ಹ್ಯೂಮಿಸ್ಟನ್.

ಈ ಪ್ರಸಂಗ ದೇಶದ ಮನಸ್ಸನ್ನು ಎಷ್ಟು ಕಲಕಿತೆಂದರೆ, ಚಿತ್ರದ ಪ್ರತಿಗಳನ್ನು ಮಾರಿದ ಹಣವೂ ಸೇರಿ 1866ರಲ್ಲಿ ಗೆಟಿಸ್‌ಬರ್ಗ್‌ನಲ್ಲೇ ಸೈನಿಕರ ಅನಾಥ ಮಕ್ಕಳಿಗಾಗಿ ಒಂದು ಆಶ್ರಮ ತೆರೆಯಿತು. ಫಿಲಿಂಡಾ ಮಕ್ಕಳೊಂದಿಗೆ ಕೆಲಕಾಲ ಅಲ್ಲೇ ಇದ್ದಳು. ಅವರು ಬಿಟ್ಟು ಹೋದ ಕೆಲವೇ ವರ್ಷಗಳಲ್ಲಿ ಅದೇ ಆಶ್ರಮ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕುಖ್ಯಾತವಾಗಿ ಮುಚ್ಚಿತು. ಈ ಕಥೆ ಹೇಳುವವರು ಸಾಮಾನ್ಯವಾಗಿ ಈ ಕೊನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಸುಮಾರು 2,400 ಜನರಿದ್ದ ಊರು ಅದು. ಸೇನೆಗಳು ಹೊರಟುಹೋದಾಗ ಅಲ್ಲಿ ಉಳಿದದ್ದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳು, ಸಾವಿರಾರು ಹೆಣಗಳು, ಸಾವಿರಾರು ಸತ್ತ ಕುದುರೆಗಳು, ಮತ್ತು ಜುಲೈ ಬಿಸಿಲು. ಊರಿನ ಸ್ಮಶಾನದ ಕಾವಲುಗಾರ ಸೇನೆಗೆ ಸೇರಿದ್ದ. ಅವನ ಕೆಲಸ ನೋಡಿಕೊಳ್ಳುತ್ತಿದ್ದವಳು ಆರು ತಿಂಗಳ ಗರ್ಭಿಣಿ ಹೆಂಡತಿ ಎಲಿಜಬೆತ್ ಥಾರ್ನ್. ಸಹಾಯಕ್ಕೆ ಬಂದವರು ವಾಸನೆ ತಾಳಲಾರದೆ ಕಾಯಿಲೆ ಬಿದ್ದು ಹೊರಟುಹೋದರು. ಕಲ್ಲುನೆಲದಲ್ಲಿ, ವಯಸ್ಸಾದ ತಂದೆಯೊಂದಿಗೆ, ಆಕೆ ನೂರರಷ್ಟು ಸೈನಿಕರಿಗೆ ಗುಂಡಿ ತೋಡಿದಳು. ಈ ಹೆಚ್ಚುವರಿ ಕೆಲಸಕ್ಕೆ ಅವಳಿಗೆ ಕೂಲಿ ಸಿಗಲಿಲ್ಲ.

ಉಳಿದವರನ್ನು ಬಿದ್ದಲ್ಲೇ ಅರೆಬರೆ ಮಣ್ಣು ಮಾಡಿದ್ದರು. ಒಕ್ಕೂಟದ ಹೆಣಗಳನ್ನು ತೆಗೆದು ಹೊಸ ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಲು ಟೆಂಡರ್ ಕರೆದಾಗ ಗೆದ್ದ ದರ ಹೆಣವೊಂದಕ್ಕೆ 1 ಡಾಲರ್ 59 ಸೆಂಟ್. ನಿಜವಾಗಿ ಅಗೆದವರು ಬೇಸಿಲ್ ಬಿಗ್ಸ್ ಎಂಬ ಕಪ್ಪು ರೈತನ ಕೆಳಗಿನ ಕಪ್ಪು ಕೂಲಿಗಳು. ಮೇಲ್ವಿಚಾರಕ ಸ್ಯಾಮ್ಯುಯೆಲ್ ವೀವರ್ ಕಬ್ಬಿಣದ ಕೊಕ್ಕೆಯಿಂದ ಜೇಬುಗಳನ್ನು ತಡಕಿ ಕಾಗದ, ಬೈಬಲ್, ಬಾಚಣಿಗೆ ಏನು ಸಿಕ್ಕರೂ ಗುರುತಿಗಾಗಿ ತೆಗೆದಿಡುತ್ತಿದ್ದ. ಬಟ್ಟೆ ನೋಡಿ ದಕ್ಷಿಣದವನು ಎಂದಾದರೆ ಮತ್ತೆ ಮಣ್ಣು ಮುಚ್ಚುತ್ತಿದ್ದರು. ಲಿಂಕನ್ ನವೆಂಬರ್ 19ರಂದು ಅಲ್ಲಿ ತನ್ನ ಪ್ರಸಿದ್ಧ ಪುಟ್ಟ ಭಾಷಣ ಮಾಡಿದಾಗ ಈ ಕೆಲಸ ಅರ್ಧದಷ್ಟೂ ಮುಗಿದಿರಲಿಲ್ಲ.

ಯುದ್ಧ ಮುಗಿದ ಮೇಲೆ ಇದೇ ಕೆಲಸ ದೇಶದುದ್ದಕ್ಕೂ ನಡೆಯಿತು. 1871ರ ಹೊತ್ತಿಗೆ 3,03,536 ಒಕ್ಕೂಟದ ಸೈನಿಕರ ಅವಶೇಷಗಳನ್ನು ರಾಷ್ಟ್ರೀಯ ಸ್ಮಶಾನಗಳಿಗೆ ತಂದಿದ್ದರು. ಗುರುತು ಸಿಕ್ಕದ್ದು ನೂರಕ್ಕೆ 54ರಷ್ಟು ಮಂದಿಯದು ಮಾತ್ರ. ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ್ದ ಕ್ಲಾರಾ ಬಾರ್ಟನ್ ವಾಷಿಂಗ್ಟನ್ನಿನಲ್ಲಿ ತೆರೆದ ಕಾಣೆಯಾದ ಸೈನಿಕರ ಕಚೇರಿಗೆ 63,000ಕ್ಕೂ ಹೆಚ್ಚು ಪತ್ರಗಳು ಬಂದವು, ಸುಮಾರು 22,000 ಜನರ ಗತಿ ಏನಾಯಿತೆಂದು ಪತ್ತೆಯಾಯಿತು. ಸೋತ ಕಡೆಯವರ ಹೆಣಗಳಿಗೆ ಸರ್ಕಾರದ ಕಾಸು ಇರಲಿಲ್ಲ. ಗೆಟಿಸ್‌ಬರ್ಗ್‌ನ ಹೊಲಗಳಲ್ಲಿ ಉಳಿದಿದ್ದ ಮೂರು ಸಾವಿರಕ್ಕೂ ಹೆಚ್ಚು ದಕ್ಷಿಣದ ಸೈನಿಕರನ್ನು ಸ್ಯಾಮ್ಯುಯೆಲ್ ವೀವರನ ಮಗ, ವೈದ್ಯ ರೂಫಸ್ ವೀವರ್, 1870ರ ದಶಕದ ಆರಂಭದಲ್ಲಿ ಅಗೆದು ತೆಗೆದು ದಕ್ಷಿಣಕ್ಕೆ ಕಳಿಸಿದ. ಹೆಚ್ಚಿನವರು ರಿಚ್ಮಂಡ್‌ಗೆ ಹೋದರು. ಅವನ ಬಿಲ್ಲು ಪೂರ್ತಿ ಸಂದಾಯವಾಗಲೇ ಇಲ್ಲ.

ಸೆರೆಯಾದವರು, ಚರ್ಮದ ಬಣ್ಣ

ಹಾಜರಿ ಪುಸ್ತಕದ ಮೂರನೆಯ ಸಾಲು ಸೆರೆಯಾದವರದ್ದು. ಬದುಕಿದ್ದಾರಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿರಲಿಲ್ಲ. ಮೊದಲೆರಡು ವರ್ಷ ಸೆರೆಯಾಳುಗಳ ವಿನಿಮಯ ನಡೆಯುತ್ತಿತ್ತು. ಕಪ್ಪು ಸೈನಿಕರು ಒಕ್ಕೂಟದ ಸಮವಸ್ತ್ರ ತೊಟ್ಟ ಮೇಲೆ ಅವರನ್ನು ಯುದ್ಧಕೈದಿಗಳೆಂದು ಒಪ್ಪಲು ದಕ್ಷಿಣ ನಿರಾಕರಿಸಿತು, ವಿನಿಮಯ ಮುರಿದುಬಿತ್ತು. ಇತ್ತಂಡಗಳ ಸೆರೆಶಿಬಿರಗಳೂ ಉಕ್ಕಿದವು. ಜಾರ್ಜಿಯಾದ ಆ್ಯಂಡರ್ಸನ್‌ವಿಲ್‌ನಲ್ಲಿ ಹದಿನಾಲ್ಕು ತಿಂಗಳಲ್ಲಿ ಸುಮಾರು 45,000 ಜನರನ್ನು ಇಟ್ಟಿದ್ದರು, ಸುಮಾರು 13,000 ಜನ ಸತ್ತರು. ನೆರಳಿಲ್ಲ, ಚಾವಣಿಯಿಲ್ಲ. ಕುಡಿಯುವುದಕ್ಕೂ ಕೊಳೆ ತೊಳೆಯುವುದಕ್ಕೂ ಒಂದೇ ತೊರೆ. ಉತ್ತರವೇನೂ ಸಾಚಾ ಆಗಿರಲಿಲ್ಲ: ನ್ಯೂಯಾರ್ಕಿನ ಎಲ್ಮೈರಾ ಶಿಬಿರದಲ್ಲಿದ್ದ ಸುಮಾರು 12,000 ದಕ್ಷಿಣದ ಸೆರೆಯಾಳುಗಳಲ್ಲಿ ಮೂರು ಸಾವಿರದಷ್ಟು ಜನ ಸತ್ತರು. ಆ್ಯಂಡರ್ಸನ್‌ವಿಲ್‌ನ ಸತ್ತವರ ಪಟ್ಟಿ ಬರೆಯುವ ಕೆಲಸ ಡೊರೆನ್ಸ್ ಅಟ್‌ವಾಟರ್ ಎಂಬ ಯುವ ಸೆರೆಯಾಳಿಗೆ ಬಿದ್ದಿತ್ತು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದಿಟ್ಟುಕೊಂಡ. ಅದರಿಂದಾಗಿ ಆ ನರಕದ ಗೋರಿಗಳಲ್ಲಿ ಹೆಸರಿಲ್ಲದವು ಐನೂರಕ್ಕೂ ಕಡಿಮೆ.

ಕಪ್ಪು ಸೈನಿಕರು ಸುಮಾರು 1,79,000 ಜನ. ಸತ್ತವರು 36,000ದ ಆಸುಪಾಸು, ಹೆಚ್ಚಿನವರು ರೋಗದಿಂದ. 1864ರ ಜೂನ್‌ವರೆಗೆ ಅವರಿಗೆ ಬಿಳಿಯರಿಗಿಂತ ಕಡಿಮೆ ಸಂಬಳ. ಅದೇ ಏಪ್ರಿಲ್‌ನಲ್ಲಿ ಟೆನೆಸಿಯ ಫೋರ್ಟ್ ಪಿಲ್ಲೋದಲ್ಲಿ ಶರಣಾಗಲು ಕೈಯೆತ್ತಿದವರನ್ನೂ ಕೊಂದರು. ಲೀಯ ಸೇನೆ ಗೆಟಿಸ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ಪೆನ್ಸಿಲ್ವೇನಿಯಾದ ಸ್ವತಂತ್ರ ಕಪ್ಪು ಜನರನ್ನು, ಹೆಂಗಸರು ಮಕ್ಕಳೆನ್ನದೆ, ಹಿಡಿದು ಗುಲಾಮಗಿರಿಗೆ ದಕ್ಷಿಣಕ್ಕೆ ಅಟ್ಟಿತು. ಆ ಕಾಳಗದ 51,000ದಲ್ಲಿ ಇವರು ಯಾವ ಸಾಲಿಗೂ ಸೇರುವುದಿಲ್ಲ. ತೋಟಗಳಿಂದ ತಪ್ಪಿಸಿಕೊಂಡು ಒಕ್ಕೂಟ ಸೇನೆಯ ಬೆನ್ನಿಗೆ ಬಂದ ಲಕ್ಷಾಂತರ ಜನ ಗುಡಿಸಲು ಶಿಬಿರಗಳಲ್ಲಿ ಸಿಡುಬು, ಹಸಿವು, ಚಳಿಗೆ ಸಿಕ್ಕಿ ಸತ್ತದ್ದೂ ಅಷ್ಟೇ.

ಈ ಯುದ್ಧದ ಬಿಸಿ ಕರ್ನಾಟಕಕ್ಕೂ ತಟ್ಟಿತ್ತು, ಬೇರೆ ಬಗೆಯಲ್ಲಿ. ಒಕ್ಕೂಟದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ್ದರಿಂದ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ನಿಂತಿತು, ಲಕ್ಷಾಂತರ ಕಾರ್ಮಿಕರು ಬೀದಿಗೆ ಬಿದ್ದರು. ಬ್ರಿಟಿಷರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಅಮೆರಿಕದ ತಳಿಯನ್ನು ಅಲ್ಲಿ ಮೊದಲೇ ಬೆಳೆಸಿ ನೋಡಿದ್ದರು. ಬೆಲೆ ಗಗನಕ್ಕೇರಿತು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಬಂದರಿನ ಕೆಲಸ ಚುರುಕಾಯಿತು. 1865ರಲ್ಲಿ ಶಾಂತಿ ಬಂದೊಡನೆ ಬೆಲೆ ಕುಸಿಯಿತು.

ಕೊನೆಗೆ ಒಟ್ಟು ಎಷ್ಟು?

ಶಾಲಾ ಪುಸ್ತಕಗಳಲ್ಲಿ ಬಹುಕಾಲ ನಿಂತ ಉತ್ತರ ಸುಮಾರು 6,20,000. ಒಕ್ಕೂಟದ 3,60,000ಕ್ಕೆ ಕಾನ್ಫೆಡರಸಿಯ 2,58,000 ಕೂಡಿಸಿ ಬಂದದ್ದು ಅದು. ಮೊದಲನೆಯದಕ್ಕೆ ಒಂದು ಆಧಾರವಿತ್ತು: ಸೈನಿಕರ ವಿಧವೆಯರಿಗೆ, ಅನಾಥರಿಗೆ ಪಿಂಚಣಿ ಕೊಡಬೇಕಾಗಿದ್ದರಿಂದ ಸರ್ಕಾರ ಸಾವುಗಳನ್ನು ಮತ್ತೆ ಮತ್ತೆ ಪರಿಶೀಲಿಸಿತು. ಆ ಪಿಂಚಣಿಯ ಬಾಲ ಎಷ್ಟು ಉದ್ದವಿತ್ತೆಂದರೆ, ಕೊನೆಯ ಫಲಾನುಭವಿ ತೀರಿಕೊಂಡದ್ದು 2020ರಲ್ಲಿ. ಆಕೆಗೆ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು. ಆಕೆಯ ತಂದೆ ಮೇಲೆ ಹೇಳಿದ ನಾರ್ತ್ ಕ್ಯಾರೊಲಿನಾದ 26ನೇ ದಳದವನೇ. ಕಾಯಿಲೆ ಬಿದ್ದು ಗೆಟಿಸ್‌ಬರ್ಗ್ ತಪ್ಪಿಸಿಕೊಂಡ, ಸೇನೆ ಬಿಟ್ಟು ಓಡಿದ, ಆಮೇಲೆ ಒಕ್ಕೂಟದ ಕಡೆ ಸೇರಿದ, ಎಂಬತ್ತು ದಾಟಿದ ಮೇಲೆ ಮಗಳನ್ನು ಪಡೆದ.

ಕಾನ್ಫೆಡರಸಿಯ 2,58,000 ಮಾತ್ರ ಊಹೆಯ ಮೇಲೆ ಊಹೆ. ಆ ಸರ್ಕಾರದ ಎಷ್ಟೋ ಕಡತಗಳು 1865ರಲ್ಲಿ ಅದರೊಂದಿಗೇ ನಾಶವಾದವು. ಅದಕ್ಕೇ 2011ರಲ್ಲಿ ಜೆ. ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರ ಸೇನೆಯ ಕಡತಗಳನ್ನು ಬದಿಗಿಟ್ಟು ಜನಗಣತಿಯ ಕಡೆ ತಿರುಗಿದ. ಸಾಮಾನ್ಯ ಕಾಲದಲ್ಲಿ ಹತ್ತು ವರ್ಷದಲ್ಲಿ ಇಂತಿಷ್ಟು ಯುವಕರು ಸಾಯುತ್ತಾರೆ, ಇಂತಿಷ್ಟು ಯುವತಿಯರು ಸಾಯುತ್ತಾರೆ ಎಂಬ ಅನುಪಾತ ಗೊತ್ತಾಗುತ್ತದೆ. 1860 ಮತ್ತು 1870ರ ಗಣತಿಗಳ ನಡುವೆ ಹೆಂಗಸರಿಗೆ ಹೋಲಿಸಿದರೆ ಎಷ್ಟು ಗಂಡಸರು ಹೆಚ್ಚಾಗಿ ಕಾಣೆಯಾಗಿದ್ದಾರೆ ಎಂದು ನೋಡಿದರೆ ಯುದ್ಧದ ಸಾವು ಹೊರಬೀಳುತ್ತದೆ. ಅವನಿಗೆ ಸಿಕ್ಕ ಉತ್ತರ ಸುಮಾರು 7,50,000, ಆರೂವರೆಯಿಂದ ಎಂಟೂವರೆ ಲಕ್ಷದ ನಡುವೆ ಎಲ್ಲಾದರೂ ಇರಬಹುದು ಎಂಬ ಷರತ್ತಿನೊಂದಿಗೆ. 2024ರಲ್ಲಿ ಇನ್ನೊಂದು ತಂಡ, ಮಾದರಿಗಳ ಬದಲು ಪೂರ್ತಿ ಗಣತಿಯ ದಾಖಲೆಗಳನ್ನೇ ಬಳಸಿ, 6,98,000 ಎಂದಿತು. ದಕ್ಷಿಣದ ಬಿಳಿ ಯುವಕರ ಸಾವಿನ ದರ ಉತ್ತರದವರ ಎರಡು ಪಟ್ಟಿಗೂ ಹೆಚ್ಚು ಎಂದೂ ತೋರಿಸಿತು. 6,98,000 ಸಾವು ಎಂದರೆ ದೇಶದ ಒಟ್ಟು ಜನಸಂಖ್ಯೆಯ ನೂರಕ್ಕೆ ಎರಡು ಪಾಲಿಗೂ ಹೆಚ್ಚು.

ಈ ವಿಧಾನ ನಿಲ್ಲುವುದು 1860ರ ಗಣತಿಯ ಮೇಲೆ. ಹ್ಯಾಕರ್ ಅದನ್ನು ಬಿಳಿಯರಿಗಷ್ಟೇ ಅನ್ವಯಿಸಿ, ಕಪ್ಪು ಸೈನಿಕರ 36,000 ಸಾವುಗಳನ್ನು ಸೇನೆಯ ಕಡತದಿಂದಲೇ ತೆಗೆದು ಕೂಡಿಸಿದ. ಯುದ್ಧದಲ್ಲಿ ಸತ್ತ ನಾಗರಿಕರನ್ನು ಅಂದಾಜು ಮಾಡುವವರು 50,000 ಎಂಬ ಸಂಖ್ಯೆಯನ್ನು ಹೇಳುವುದುಂಟು, ಅದಕ್ಕೆ ಗಟ್ಟಿಯಾದ ಬುನಾದಿ ಇಲ್ಲ. ಶಿಬಿರಗಳಲ್ಲಿ ಸತ್ತ ಬಿಡುಗಡೆಯಾದ ಗುಲಾಮರ ಸಂಖ್ಯೆಗೆ ಅಷ್ಟೂ ಇಲ್ಲ. 1860ರ ಗಣತಿದಾರರು ಗುಲಾಮರಿಗಾಗಿ ಬೇರೆಯೇ ಪಟ್ಟಿ ಬರೆದಿದ್ದರು. ಅದರಲ್ಲಿ ಮಾಲೀಕನ ಹೆಸರಿತ್ತು. ಅದರ ಕೆಳಗೆ ಪ್ರತಿಯೊಬ್ಬರ ವಯಸ್ಸು, ಗಂಡೋ ಹೆಣ್ಣೋ, ಚರ್ಮದ ಬಣ್ಣ. ಹೆಸರಿನ ಕಲಮು ಇರಲಿಲ್ಲ.